ಬೈಂಡಿಂಗ್ ಅಂಗಡಿಯ ಟಂಕಸಾಲೆ

ಈ ತಿಂಗಳು ಮುಗಿಯುವುದರೊಳಗೆ ಗಂಡನ ತಲೆಯನ್ನು ಭೂತಗನ್ನಡಿಯಿಂದ ಮೇಲೆತ್ತಿಸದಿದ್ದರೆ ನನ್ನ ಹೆಸರನ್ನೇ ಬದಲಾಯಿಸಿಕೊಳ್ಳುತ್ತೇನೆ! ಬೈಂಡಕ್ಕ ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಈ ಘೋರ ಪ್ರತಿಜ್ಞೆ ಮಾಡಿದಳು. ಸಾಕ್ಷಿಗೆ ಇದ್ದದ್ದು ಬಚ್ಚಲಿನ ಕನ್ನಡಿ ಮಾತ್ರ. ಆ ಮನೆಯಲ್ಲಿ ಅವಳ ಮುಖವನ್ನು ದಿನವೂ ತಪ್ಪದೆ ನೋಡುತ್ತಿದ್ದುದು ಅದೊಂದೇ.

ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದುದರಿಂದ ಅವಳು ಊರಿಗೆಲ್ಲ ಬೈಂಡಕ್ಕ. ಗಂಡನದು ಕರೆಂಟ್ ಮೀಟರ್ ಓದುವ ಕೆಲಸ. ಹಗಲೆಲ್ಲ ಮನೆಮನೆಯ ಮೀಟರಿಗೆ ಮೂಗು ತಾಗಿಸಿ, ಸಂಜೆ ಬಂದು ಹಳೆಯ ನಾಣ್ಯಗಳಿಗೆ ಮೂಗು ತಾಗಿಸುತ್ತಿದ್ದ. ಒಂದೇ ಇಸವಿಯ ಎರಡು ನಾಣ್ಯಗಳಲ್ಲಿ ಒಂದರ ಚುಕ್ಕೆ ದುಂಡಗಿದೆ, ಇನ್ನೊಂದರದ್ದು ಚೌಕವಾಗಿದೆ, ಆದ್ದರಿಂದ ಇವು ಬೇರೆ ಬೇರೆ ಅಚ್ಚಿನವು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಟಂಕಸಾಲೆಯಲ್ಲಿ ತಪ್ಪಾಗಿ ಹೊಡೆದ ನಾಣ್ಯ ಕೈಗೆ ಸಿಕ್ಕರಂತೂ ಆ ವಾರ ಊಟ, ನಿದ್ದೆ, ಹೆಂಡತಿ ಮೂರೂ ಮರೆತುಹೋಗುತ್ತಿದ್ದವು.

"ರೀ, ಕೂದಲು ಅರ್ಧಕ್ಕರ್ಧ ಕತ್ತರಿಸ್ಕೊಂಡು ಬಂದಿದೀನಿ."

"ಹ್ಞೂಂ. ಅಂಚೆಲ್ಲ ಸವೆದುಹೋಗಿದೆ."

"ನನ್ನದಾ?"

"ನಾಣ್ಯದ್ದು."

ಎಂಟು ವರ್ಷದಿಂದ ಇದೇ ಕಥೆ. ಜಗಳಗಂಟ ಗಂಡನಾಗಿದ್ದರೆ ತಿರುಗಿಸಿ ನಾಲ್ಕು ಮಾತಾದರೂ ಆಡಬಹುದಿತ್ತು. ಇವನು ಪಾಪ, ಸಾಧು ಪ್ರಾಣಿ! ಮಾತಿಲ್ಲದ ಮನೆಯಲ್ಲಿ ಬೈಂಡಕ್ಕ, ಕುಕ್ಕರ್ ಕೂಗಿದರೆ "ಬಂದೆ ಕಣಪ್ಪಾ" ಎಂದು ಉತ್ತರ ಕೊಡುವ ಮಟ್ಟಕ್ಕೆ ಬಂದಿದ್ದಳು. ಒಂದೊಂದು ದಿನ ಅದಕ್ಕೂ ಅಳು ಬರುತ್ತಿತ್ತು.

ಪ್ರತಿಜ್ಞೆ ಮಾಡಿದ ದಿನವೇ ದಾರಿಯೂ ಸಿಕ್ಕಿತು. ಗಂಡ ನಾಣ್ಯ ಸಂಘದ ಕಾರ್ಯದರ್ಶಿಯೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದ. "ಹೊಡೆದ ನಾಣ್ಯ ಅಚ್ಚಿಗೇ ಕಚ್ಕೊಂಡ್ರೆ, ಮುಂದಿನ ನಾಣ್ಯದ ಮೇಲೆ ಅಕ್ಷರ ಎಲ್ಲ ಉಲ್ಟಾ, ಒಳಕ್ಕೆ ಬೀಳತ್ತೆ ಸಾರ್. ಅಂಥದ್ದೊಂದು ಕೈಗೆ ಸಿಕ್ಕಿದ್ರೆ ಜನ್ಮ ಸಾರ್ಥಕ!" ಅಷ್ಟು ಅಕ್ಕರೆಯ ದನಿಯನ್ನು ಮದುವೆಯಾದ ಹೊಸದರಲ್ಲಿ ಕೇಳಿದ್ದೇ ಕೊನೆ. ಉಲ್ಟಾ ಅಕ್ಷರ ತಾನೇ? ಇಷ್ಟೇನಾ!

ಮರುದಿನ ಊಟದ ಬಿಡುವಿನಲ್ಲಿ ಬೈಂಡಕ್ಕ ಅಂಗಡಿಯ ಕಬ್ಬಿಣದ ದಿಮ್ಮಿಯ ಮೇಲೆ ಒಂದು ನಾಣ್ಯ, ಅದರ ಮೇಲೆ ಇನ್ನೊಂದು ನಾಣ್ಯ ಇಟ್ಟಳು. ಪುಸ್ತಕದ ಬೆನ್ನು ತಟ್ಟುವ ಸುತ್ತಿಗೆಯನ್ನು ಎತ್ತಿ ಬಾರಿಸಿದಳು. ಎಂಟು ವರ್ಷದ ಮೌನವೆಲ್ಲ ಆ ಏಟಿನಲ್ಲಿತ್ತು! ಅಂಟು ಮೆತ್ತಿದ ಕೈಯಿಂದಾಗಿ ಅಂಟಣ್ಣ ಎಂದೇ ಹೆಸರಾದ ಜೊತೆಗಾರ ಬೆಚ್ಚಿಬಿದ್ದ.

"ಯಾರ ಮೇಲಕ್ಕಾ ಸಿಟ್ಟು?"

"ಸಿಟ್ಟಲ್ಲ ಅಣ್ಣ, ಪ್ರೀತಿ."

"ಪ್ರೀತಿ ಏಟೇ ಹೀಗಾ! ಭಾವ ಹುಷಾರಾಗಿದಾರೆ ತಾನೇ?"

ಮೇಲಿನ ನಾಣ್ಯವನ್ನು ಮಗುಚಿ ನೋಡಿದಳು. ಅಕ್ಷರಗಳು ಉಲ್ಟಾ ಆಗಿ, ಒಳಕ್ಕೆ, ಸೊಗಸಾಗಿ ಮೂಡಿದ್ದವು.

ಸಂಜೆ ಅದನ್ನು ಟೀ ಲೋಟದ ಪಕ್ಕದಲ್ಲಿಟ್ಟು, "ತರಕಾರಿ ಅಂಗಡೀಲಿ ಚಿಲ್ಲರೆ ಕೊಟ್ರು" ಎಂದಳು. ಗಂಡ ನೋಡಿದ. ಮತ್ತೆ ನೋಡಿದ. ಪಕ್ಕದ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ನೆಲಕ್ಕಿಳಿಸಿ, "ಬಾ, ಕೂತ್ಕೋ" ಎಂದ. ಯಾವ ಅಂಗಡಿ, ಯಾರು ಕೊಟ್ಟರು, ನೀನು ಎಷ್ಟು ಹೊತ್ತಿಗೆ ಹೋದೆ, ಮಳೆ ಬರುತ್ತಿತ್ತಾ ಎಂದೆಲ್ಲ ಕೇಳಿದ. ಭುಜಕ್ಕೆ ಭುಜ ತಾಗಿಸಿ ಅವಳಿಗೂ ಭೂತಗನ್ನಡಿಯಲ್ಲಿ ತೋರಿಸಿದ. ಅವಳಿಗೆ ನಾಣ್ಯ ಮಂಜುಮಂಜಾಗಿ ಕಂಡಿತು, ಏಕೆಂದರೆ ಕಣ್ಣು ತುಂಬಿತ್ತು.

ಆದರೆ ಒಂದು ನಾಣ್ಯದ ಪ್ರೀತಿ ಎರಡೇ ದಿನ ಬಾಳಿಕೆ ಬಂತು! ಮೂರನೆಯ ದಿನ ಮತ್ತೆ ಅದೇ "ಹ್ಞೂಂ". ಬೈಂಡಕ್ಕ ಉತ್ಪಾದನೆ ಹೆಚ್ಚಿಸಿದಳು. ಬಸ್ಸಿನಲ್ಲಿ ಸಿಕ್ಕಿದ್ದು, ಔಷಧಿ ಅಂಗಡಿಯಲ್ಲಿ ಸಿಕ್ಕಿದ್ದು, ಚಪ್ಪಲಿ ಹೊಲಿಸಿದಾಗ ಸಿಕ್ಕಿದ್ದು ಎಂದು ಹೇಳುತ್ತ ಹೇಳುತ್ತ ಮೂರು ವಾರದಲ್ಲಿ ಆರು ನಾಣ್ಯಗಳಾದವು. ಆಗ ಗಂಡ ಬಾಂಬು ಹಾಕಿದ.

"ಭಾನುವಾರ ಕಾರ್ಯದರ್ಶಿಗಳು ಬರ್ತಾರೆ. ಆರನ್ನೂ ನೋಡ್ತಾರಂತೆ."

"ಅಯ್ಯೋ, ಬೇಡ ಕಣ್ರೀ! ನಂಗೆ ಜ್ವರ ಬರೋ ಹಾಗಿದೆ."

"ನಾಣ್ಯಕ್ಕೇನೂ ಆಗಿಲ್ವಲ್ಲ."

ಭಾನುವಾರ ಕಾರ್ಯದರ್ಶಿ ಬಂದರು. ಆರನ್ನೂ ಸಾಲಾಗಿಟ್ಟು, ಮಗುಚಿ, ಹೊಟ್ಟೆ ಕುಣಿಯುವಂತೆ ನಕ್ಕರು. "ಟಂಕಸಾಲೆಯದ್ದಲ್ಲ ಸ್ವಾಮಿ, ಯಾರೋ ಕೈಯಾರೆ ಜಜ್ಜಿದಾರೆ! ಹಿಂದೆ ನೋಡಿ, ಆರರಲ್ಲೂ ಅದೇ ಜಾಗದಲ್ಲಿ ಉಗುರಿನಷ್ಟು ಉಬ್ಬು. ಸುತ್ತಿಗೆ ಮುಖ ಅಲ್ಲಿ ಕಿತ್ತುಹೋಗಿದೆ. ಆರಕ್ಕೂ ತಾಯಿ ಒಬ್ಬಳೇ!" ಟ್ರೇ ಹಿಡಿದು ನಿಂತಿದ್ದ ತಾಯಿ ಅವಸರ ಅವಸರವಾಗಿ ಟೀ ಲೋಟ ಮುಂದೆ ಚಾಚಿದಳು.

ಅವರು ಟೀ ಕುಡಿದು ಹೋದ ಮೇಲೆ ಬೈಂಡಕ್ಕ ಬಾಯಿಬಿಟ್ಟಳು.

"ನಾನೇ ಕಣ್ರೀ ಮಾಡಿದ್ದು. ನೀವು ನನ್ನ ಹತ್ರ ಮಾತಾಡ್ಲಿ ಅಂತ. ಬೇರೆ ದಾರಿ ಕಾಣ್ಲಿಲ್ಲ."

"ಗೊತ್ತಿತ್ತು."

"ಗೊತ್ತಿತ್ತಾ! ಯಾವಾಗಿಂದ?"

"ಮೊದಲನೇದರಿಂದ."

ಗಂಡ ನೋಟ್‌ಬುಕ್ಕು ತೆರೆದು ತೋರಿಸಿದ. ಆರು ಸಾಲು. ಪ್ರತಿ ಸಾಲಿನಲ್ಲೂ 'ನಕಲಿ, ಸುತ್ತಿಗೆ ಏಟು, ತಂದವಳು ಮನೆಯವಳು.' ಬೈಂಡಕ್ಕನ ಎದೆ ಕರಗಿ ನೀರಾಯಿತು. ಎಲ್ಲ ಗೊತ್ತಿದ್ದೂ ಈ ಮನುಷ್ಯ ತನಗಾಗಿ ಸುಮ್ಮನಿದ್ದನೇ! ಸುಮ್ಮನೆ ಎಂಟು ವರ್ಷ ಅವನನ್ನು ಬೈದುಕೊಂಡೆನಲ್ಲ!

"ಗೊತ್ತಿದ್ದೂ ಪಕ್ಕದಲ್ಲಿ ಕೂರಿಸ್ಕೊಂಡ್ರಾ? ಯಾಕ್ರೀ?"

ಗಂಡ ಭೂತಗನ್ನಡಿಯನ್ನು ಕೆಳಗಿಟ್ಟ. ತಲೆ ಎತ್ತಿದ. ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಬೈಂಡಕ್ಕ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು.

"ಇನ್ನೊಂದೆರಡು ತರ್ತೀಯೇನೋ ಅಂತ ಕಾದೆ. ಐದನೇದರಿಂದ ಆ ಉಬ್ಬು ಒಂಚೂರು ದೊಡ್ಡದಾಗಿದೆ ನೋಡು! ಆ ವ್ಯತ್ಯಾಸ ಕಾರ್ಯದರ್ಶಿಗಳ ಕಣ್ಣಿಗೂ ಬೀಳತ್ತಾ ಅಂತ ಕರೆಸಿದೆ, ಬೀಳಲೇ ಇಲ್ಲ. ಆ ಸುತ್ತಿಗೆ ಒಂದು ಸಲ ಮನೆಗೆ ತರ್ತೀಯಾ?"

ತಂದುಕೊಟ್ಟಳು. ಗಂಡ ಈಗ ಸಂಜೆಯೆಲ್ಲ ಅದರ ಮುಖವನ್ನೇ ನೋಡುತ್ತಾನೆ. ಉಳಿದ ಹೊತ್ತಿನಲ್ಲಿ ಸುತ್ತಿಗೆ ಅವನ ಪಕ್ಕದ ಕುರ್ಚಿಯ ಮೇಲೆ, ಬೈಂಡಕ್ಕ ಕೂರುತ್ತಿದ್ದ ಜಾಗದಲ್ಲಿ, ಆರಾಮಾಗಿ ಕೂತಿರುತ್ತದೆ.