ಸೂರ್ಯನ ಜತೆ ಪಂದ್ಯ ಕಟ್ಟಿಸಿದ ಗಾಳಿಯಂತ್ರಕ್ಕೆ ಒಂದು ಅರಿಕೆ

ಮೂಡಬಿದ್ರೆ,
ಮಾರ್ಚ್ ೧೯೫೮

ಮಾನ್ಯ ಸೂಪರ್‌ಚಾರ್ಜರ್ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಬಂಟ್ವಾಳ ಪೇಟೆಯ ಜವಳಿ ವ್ಯಾಪಾರಿ ವೃಷಭರಾಜನು ಹೆಗಲ ಶಾಲನ್ನು ಸೊಂಟಕ್ಕೆ ಸುತ್ತಿ, ಕೈಜೋಡಿಸಿ ಮಾಡುವ ವಿಜ್ಞಾಪನೆ. ನಮ್ಮ ಜಗಲಿಯ ಮೂಲೆಯಲ್ಲಿ ತಾವು ಸುಖವಾಗಿರುವಿರೆಂದು ನಂಬಿದ್ದೇನೆ. ತುಕ್ಕು ಹಿಡಿಯದಂತೆ ನಿನ್ನೆಯಷ್ಟೇ ತಮ್ಮ ಮೈಗೆ ತೆಂಗಿನೆಣ್ಣೆ ಸವರಿದೆ. ಇಂಥ ಉಪಚಾರ ನಮ್ಮ ಮನೆಯಲ್ಲಿ ಅಳಿಯನಿಗೂ ಇನ್ನೂ ನಡೆದಿಲ್ಲ. ಆ ಅಳಿಯನೇ ತಮ್ಮ ಕೃಪೆಯಿಂದ ಕೈತಪ್ಪುವುದರಲ್ಲಿದ್ದ ಸಂಗತಿಯನ್ನು ಹತ್ತು ಜನರ ಮುಂದೆ ಅರಿಕೆ ಮಾಡಿಕೊಳ್ಳಲೆಂದೇ ಈ ಬಹಿರಂಗ ಪತ್ರ.

ಊರು ಬಿಟ್ಟು ಹೊರಟಿದ್ದ ತೋಟದ ದೊರೆಯೊಬ್ಬನಿಂದ ನಾನು ಎರಡೇ ಸೀಟಿನ, ತಲೆಯ ಮೇಲೆ ಮಾಡಿಲ್ಲದ, ಚರಂಡಿಗೆ ಬಿದ್ದರೆ ನಾಲ್ಕು ಜನ ಎತ್ತಿ ದಾರಿಯ ಮೇಲಿಡಬಹುದಾದಷ್ಟು ಹಗುರದ ಓಟದ ಕಾರನ್ನು ಕೊಂಡದ್ದು ತಮಗೆ ಗೊತ್ತೇ ಉಂಟು. ಅಂಗಡಿ ಬಂಟ್ವಾಳದಲ್ಲಿ, ಮನೆ ಮೂಡಬಿದ್ರೆಯಲ್ಲಿ. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ಅಂಗಡಿಯಲ್ಲಿ ಪಟ್ಟಾಂಗ ಸ್ವಲ್ಪ ಉದ್ದವಾದರೂ ಸಾಕು, ನಾನು ಅಂಗಳ ಮುಟ್ಟುವಾಗ ಕತ್ತಲಾಗಿ, ನನ್ನ ಹೆಂಡತಿ ಅನಂತಮತಿ ಅನ್ನದ ಪಾತ್ರೆಯ ಬಾಯಿ ಮುಚ್ಚಿ, "ಬೆಳಗ್ಗೆ ಬಡಿಸ್ತೇನೆ, ಈಗ ಮಲಗಿ" ಎನ್ನುವಳು. ಹಸಿದು ಮಲಗಿದವನಿಗೆ ಒಂದು ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ತಮ್ಮ ಭಾವಚಿತ್ರ ಕಾಣಿಸಿತು. ಎಂಜಿನ್ನಿನ ಬಾಯಿಗೆ ಗಾಳಿಯನ್ನು ಒತ್ತಿ ತುರುಕಿ ಸಣ್ಣ ಕಾರನ್ನೂ ದೊಡ್ಡ ಕಾರಿನಂತೆ ಓಡಿಸುವ ಮಹಿಮೆ ತಮ್ಮದೆಂದು ಓದಿ, ಮುಂಬಯಿಗೆ ಬರೆದು ತಮ್ಮನ್ನು ಬರಮಾಡಿಕೊಂಡೆ.

ತಮ್ಮನ್ನು ಎಂಜಿನ್ನಿಗೆ ಜೋಡಿಸಿದ ಗ್ಯಾರೇಜಿನ ಹನೀಫಾ ಕೈ ಒರೆಸಿಕೊಳ್ಳುತ್ತ, "ಗಾಡಿ ಓಡ್ತದೆ ಧನಿಗಳೇ, ಆದ್ರೆ ಬಿಸಿ ಆಗ್ತದೆ, ನೀರು ನೋಡ್ಕೊಳ್ಳಿ. ಮತ್ತೆ, ನೀವು ಅಂಗಡಿಯಿಂದ ಹೊರಡುವುದು ಎಷ್ಟು ಗಂಟೆಗೆ?" ಎಂದು ಕೇಳಿದ. ಕಾರಿಗೂ ಹೊರಡುವ ಹೊತ್ತಿಗೂ ಏನು ಸಂಬಂಧವೆಂದು ಅವನ ಅಜ್ಞಾನಕ್ಕೆ ನಕ್ಕುಬಿಟ್ಟೆ.

ತಮ್ಮ ಓಟವನ್ನು ಎಷ್ಟು ಹೊಗಳಿದರೂ ಕಡಿಮೆ. ತಮ್ಮ ಊಳಿಡುವ ಸದ್ದು ಕೇಳಿ ಸಿದ್ಧಕಟ್ಟೆಯ ಎಮ್ಮೆಗಳು ದಾರಿ ಬಿಟ್ಟು ಗದ್ದೆಯ ಹುಣಿ ಹತ್ತಿದವು. ತಾವು ಉಳಿಸಿಕೊಟ್ಟ ಹೊತ್ತನ್ನು ನಾನೂ ವ್ಯರ್ಥ ಮಾಡಲಿಲ್ಲ: ಮೊದಲು ಐದೂವರೆಗೆ ಹೊರಡುತ್ತಿದ್ದವನು, ಓಡುವ ಕಾರು ಉಂಟಲ್ಲ ಎಂದು ಆರಕ್ಕೆ ಹೊರಟೆ, ಸೀರೆ ಕೊಳ್ಳಲು ಬಂದವರನ್ನೂ ಅಂಗಳಕ್ಕೆ ಕರೆದು ಬಾನೆಟ್ ಎತ್ತಿ ತಮ್ಮ ದರ್ಶನ ಮಾಡಿಸಿದೆ. ಹಾಗಾಗಿ ಮೊದಲು ನಿಧಾನವಾಗಿ ತಲುಪಿ ಉಪವಾಸ ಮಲಗುತ್ತಿದ್ದವನು, ಆಮೇಲೆ ಅತಿವೇಗವಾಗಿ ತಲುಪಿ ಉಪವಾಸ ಮಲಗಿದೆ. ಎಂಜಿನ್ನಿಗೆ ಹೊಟ್ಟೆ ಬಿರಿಯೆ ಉಣಿಸುವ ತಾವು ಯಜಮಾನನ ಹೊಟ್ಟೆಯ ಮೇಲೆ ಮಾತ್ರ ಯಾಕೆ ಮುನಿದಿರೋ ತಿಳಿಯಲಿಲ್ಲ.

ಇಷ್ಟನ್ನು ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ಹೋದ ತಿಂಗಳು ಮಗಳು ಪದ್ಮಲತಾಳ ಸಂಬಂಧದ ಮಾತಿಗೆ ಬೆಳ್ತಂಗಡಿಯ ಹೇಮರಾಜರ ಮನೆಗೆ ಹೋಗಬೇಕಿತ್ತು. ಎರಡೂ ಕಡೆಯ ಹಿರಿಯರು ಒಂದೇ ಪಂಕ್ತಿಯಲ್ಲಿ ಕೂತು ಉಂಡರೆ ಮಾತು ಗಟ್ಟಿ. ತಾಯಿಯೂ ಮಗಳೂ ಬೆಳಗ್ಗಿನ ಬಸ್ಸಿಗೆ ಹೋದರು. ನಾನು, "ನೀವು ಎಲೆ ಹಾಕುವ ಮೊದಲು ನಾನು ಅಲ್ಲಿ" ಎಂದು ಅಂಗಡಿಗೆ ಬಂದು, ನಾಲ್ಕು ಜನಕ್ಕೆ ತಮ್ಮ ದರ್ಶನ ಮಾಡಿಸಿಯೇ ಹೊರಟೆ.

ಪುಂಜಾಲಕಟ್ಟೆ ದಾಟುವಷ್ಟರಲ್ಲಿ ರೇಡಿಯೇಟರ್ ಸ್ನಾನದ ಹಂಡೆಯಂತೆ ಕುದಿಯಿತು. ನೀರಿನ ಕ್ಯಾನನ್ನು ಕಾರು ಹಗುರವಾಗಲೆಂದು ನಾನೇ ಅಂಗಡಿಯಲ್ಲಿ ಇಳಿಸಿದ್ದೆ. ದಾರಿಯ ಬದಿಯಲ್ಲಿ ಹೊಗೆಯ ನಡುವೆ ನಿಂತಿರುವಾಗ, ನಾನು ಧೂಳು ಕುಡಿಸಿ ಹಿಂದೆ ಹಾಕಿ ಬಂದಿದ್ದ ಬಸ್ಸೇ ಬಂದು ನಿಂತಿತು. ಡ್ರೈವರ್ ಡೊಂಬಯ್ಯ ಕುತ್ತಿಗೆ ಹೊರಗೆ ಹಾಕಿ, "ಎಂತ ಧನಿಗಳೇ, ಗಾಳಿ ಮುಗಿಯಿತಾ? ಹತ್ತಿ ಮಾರಾಯ್ರೇ, ಸೂರ್ಯ ಇನ್ನೂ ಉಂಟು" ಎಂದ. ಬಸ್ಸಿನೊಳಗೆ ಎಲ್ಲರೂ ನಕ್ಕರು. ತಮ್ಮ ಮರ್ಯಾದೆ ಉಳಿಸುವುದು ನನ್ನ ಕರ್ತವ್ಯವಾದ್ದರಿಂದ, "ನೀನು ಹೋಗು, ಗುರುವಾಯನಕೆರೆಯಲ್ಲಿ ನಿನ್ನನ್ನು ಹಿಂದೆ ಹಾಕ್ತೇನೆ" ಎಂದೆ. ಅವನು ಹೋದ. ನಾನು ಶಾಲನ್ನು ಪಕ್ಕದ ತೋಡಿನ ನೀರಿನಲ್ಲಿ ಅದ್ದಿ ತಂದು ರೇಡಿಯೇಟರಿನ ಬಾಯಿಗೆ ಹಿಂಡುತ್ತ ಉಳಿದೆ.

ಹೇಮರಾಜರ ಮನೆ ಮುಟ್ಟಿದಾಗ ಪಡುವಣದಲ್ಲಿ ಬರಿಯ ಕೆಂಪು ಉಳಿದಿತ್ತು. ಚಾವಡಿಯಲ್ಲಿ ಸಾಲಾಗಿ ಹಾಕಿದ ಎಲೆಗಳನ್ನು ಒಂದೊಂದಾಗಿ ಎತ್ತುತ್ತಿದ್ದರು. ಬರುವ ನೆಂಟನನ್ನು ಬಿಟ್ಟು ಉಣ್ಣುವುದು ಆ ಮನೆಯಲ್ಲಿ ಇಲ್ಲವಂತೆ. ಹಾಗೆಂದು ಗಂಡಿನ ಕಡೆಯವರೂ ನನ್ನ ಕಡೆಯವರೂ, ಹೇಮರಾಜರ ಮುದಿ ತಾಯಿ ಕಮಲಾವತಮ್ಮನೂ ಕಾದು ಕಾದು, ಆ ದಿನ ಇಡೀ ಮನೆಯೇ ಉಪವಾಸ. ಮಗಳು ನನ್ನತ್ತ ನೋಡಲೂ ಇಲ್ಲ, ಕಂಬ ಹಿಡಿದು ನಿಂತಿದ್ದಳು. ಹೊರಗೆ ತಮ್ಮ ಬಿಸಿ ಆರುವ ಟಿಕ್ ಟಿಕ್ ಸದ್ದೊಂದೇ ಕೇಳುತ್ತಿತ್ತು.

ಕೊನೆಗೆ ಕಮಲಾವತಮ್ಮ, "ಹುಡುಗಿ ಹೇಗೆ ಬಂದದ್ದು?" ಎಂದು ಕೇಳಿದರು. ಬಸ್ಸಿನಲ್ಲಿ, ಮಧ್ಯಾಹ್ನಕ್ಕೇ ಎಂದಳು ಅನಂತಮತಿ. "ಹಾಗಾದ್ರೆ ಅಡ್ಡಿಯಿಲ್ಲ, ಅವಳು ಅಪ್ಪನ ಹಾಗೆ ಅಲ್ಲ. ನಾಳೆ ಬೆಳಗ್ಗೆ ಒಟ್ಟಿಗೆ ಉಣ್ಣುವ. ಆದ್ರೆ ಮದುವೆಗೆ ಹೆಣ್ಣಿನ ಅಪ್ಪನನ್ನು ಹಿಂದಿನ ದಿನವೇ ಬಸ್ಸಿನಲ್ಲಿ ಕರ್ಕೊಂಡು ಬನ್ನಿ" ಎಂದರು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ನಮ್ರ ಬೇಡಿಕೆ ಇಷ್ಟೇ. ಮುಂದೆ ತಮ್ಮ ಕುಲದವರು ಕಾರಿನೊಳಗೆ ಗಾಳಿ ತುರುಕುವ ಮೊದಲು ಯಜಮಾನನ ತಲೆಯೊಳಗೆ ಈಗಾಗಲೇ ಎಷ್ಟು ಗಾಳಿ ಉಂಟೆಂದು ಅಳೆದು ನೋಡಲಿ. ಅದು ಆಗದಿದ್ದರೆ, ಗಾಳಿಯನ್ನೇ ಅಂಕೆಯಲ್ಲಿಟ್ಟುಕೊಂಡ ತಾವು ಸೂರ್ಯನಿಗೂ ಒಂದು ಮಾತು ಹೇಳಿ, ನಾನು ಅಂಗಡಿಯ ಬೀಗ ಹಾಕುವವರೆಗೆ ಅವನನ್ನು ಅರಬ್ಬಿ ಸಮುದ್ರದ ಮೇಲೆ ಒಂದು ಮಾರು ಎತ್ತರದಲ್ಲೇ ನಿಲ್ಲಿಸಿಕೊಡಬೇಕು.

ಇಂತು ಹಸಿದ ಹೊಟ್ಟೆಯಲ್ಲೂ
ತಮ್ಮ ವಿಶ್ವಾಸಿ,
ವೃಷಭರಾಜ

ತಾ.ಕ.: ಹನೀಫಾ ತಮ್ಮನ್ನು ಕಳಚಿಕೊಟ್ಟ ಮೇಲೆ ನಾನು ಮೂರೂವರೆಗೇ ಅಂಗಡಿ ಮುಚ್ಚುತ್ತಿದ್ದೇನೆ. ನಿನ್ನೆ ಬಿಸಿಲಿರುವಾಗಲೇ ಅಂಗಳ ಮುಟ್ಟಿದೆ. ಅನಂತಮತಿ, "ಇಷ್ಟು ಬೇಗ ಹೇಗೆ ಬಂದ್ರಿ?" ಎಂದು ಕೇಳಿದಾಗ, "ಎಲ್ಲ ಆ ಯಂತ್ರದ ಮಹಿಮೆ" ಎಂದೆ. ಅವಳು ಮೂಲೆಯಲ್ಲಿ ಎಣ್ಣೆ ಹಚ್ಚಿಕೊಂಡು ಕೂತಿದ್ದ ತಮ್ಮನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಮಾತಿಲ್ಲದೆ ಎಲೆ ಹಾಕಿದಳು. ತಾವೂ ದಯವಿಟ್ಟು ಬಾಯಿ ಬಿಡಬಾರದು.