ಬೇಸ್ ಡ್ರಮ್ಮಿನ ಅಳತೆ, ನನ್ನ ಫಜೀತಿ

ಹುಬ್ಬಳ್ಳಿಯಲ್ಲಿ ನನ್ನದೊಂದು ಪುಟ್ಟ ಅಂಗಡಿ. ಹಳೆಯ ಜಾಜ್ ಡ್ರಮ್ ಸೆಟ್ಟುಗಳನ್ನು ರಿಪೇರಿ ಮಾಡುತ್ತೇನೆ, ಕರೆದಲ್ಲಿ ಹೋಗಿ ಬಾರಿಸುತ್ತೇನೆ. ಸೆಟ್ಟಿನಲ್ಲಿ ಕಾಲಿನಿಂದ ಪೆಡಲ್ ಒತ್ತಿ ಬಾರಿಸುವ ದೊಡ್ಡದೊಂದು ಇರುತ್ತದಲ್ಲ, ಬೇಸ್ ಡ್ರಮ್, ಅದರ ಅಳತೆಯ ಮಾತು ಬಂದಾಗಲೆಲ್ಲ ನನಗೆ ಏನಾದರೊಂದು ಕಾದಿರುತ್ತದೆ. ಎಚ್ಚರದಿಂದ ಇದ್ದ ದಿನವೂ ತಪ್ಪಿದ್ದಲ್ಲ.

ಐವತ್ತೇಳು ಇಂಚು

ಕೆಲಗೇರಿಯಿಂದ ಒಬ್ಬ ಟೇಲರ್ ಫೋನ್ ಮಾಡಿದರು. ಮಾವನವರ ಕಾಲದ ಡ್ರಮ್ ಸೆಟ್ಟು ಇದೆ, ಬೇಸ್ ಡ್ರಮ್ಮಿನ ಚರ್ಮ ಹರಿದಿದೆ ಎಂದರು.

"ಎಷ್ಟ ಇಂಚಿಂದೈತ್ರಿ?" ಎಂದೆ.

"ಐವತ್ತೇಳು."

ನಾನು ನೋಡಿದ ಅತಿ ದೊಡ್ಡದೇ ಇಪ್ಪತ್ತೆಂಟು. "ಸರಿಯಾಗಿ ಅಳದೀರೇನ್ರಿ?"

"ಮೂವತ್ತ ವರ್ಷ ಆತು ಟೇಪ್ ಹಿಡದು," ಎಂದರು, ಬೇಸರದಿಂದ.

ಟೆಂಪೊ ಮಾಡಿಕೊಂಡು ಹೋದೆ. ನೋಡಿದರೆ ಹದಿನೆಂಟು ಇಂಚಿನ ಪುಟ್ಟ ಡ್ರಮ್. ಅದರ ಸುತ್ತ ಟೇಪು ಹಾಕಿ ಅಳೆದಿದ್ದರು.

"ಇದನ್ನ ಅಡ್ಡ ಅಳೀಬೇಕ್ರಿ."

ಅವರು ನನ್ನ ಹೊಟ್ಟೆಯನ್ನೊಮ್ಮೆ ನೋಡಿದರು. "ನಿಮ್ಮ ಪ್ಯಾಂಟೂ ಹಂಗ ಅಡ್ಡ ಅಳದ ಹೊಲೀಲೇನ್ರಿ?"

ಎರಡಿಂಚು ಹೆಚ್ಚಿಗೆ

ಇಪ್ಪತ್ತು ಇಂಚಿನ ಡ್ರಮ್ಮೊಂದಕ್ಕೆ ಚರ್ಮ ಬಿಗಿಯುವ ರಿಂಗು ಬೇಕಿತ್ತು. ಇಲ್ಲೇ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪರಿಚಯದ ವೆಲ್ಡರಿಗೆ ಹೇಳಿ ಮಾಡಿಸಿದೆ. ತಂದು ಕೂರಿಸಿದರೆ ರಿಂಗು ಎಲ್ಲೂ ನಿಲ್ಲದೆ ಸೀದಾ ನೆಲಕ್ಕಿಳಿಯಿತು. ಫೋನ್ ಮಾಡಿ, "ಇಪ್ಪತ್ತ ಅಂದಿದ್ನೆಲ್ರಿ?" ಎಂದೆ.

"ಹೌದ್ರಿ. ನೀವು ಖಾಯಂ ಗಿರಾಕಿ ಅಂತ ಎರಡ ಇಂಚ ಹೆಚ್ಚಿಗಿ ಹಾಕೇನಿ," ಎಂದವರು ದನಿ ತಗ್ಗಿಸಿದರು. "ಯಾರ ಮುಂದೂ ಹೇಳಬ್ಯಾಡ್ರಿ."

ಹುಡುಗನ ಸೋದರಮಾವ

ರಾಯಾಪುರದ ಹತ್ತಿರ ಒಂದು ಮದುವೆ. ಮದುಮಗನಿಗೆ ಜಾಜ್ ಇಷ್ಟ, ಹಾಗಾಗಿ ನಮ್ಮನ್ನು ಕರೆಸಿದ್ದ. ನನ್ನ ಹದಿನೆಂಟು ಇಂಚಿನ ಬೇಸ್ ಡ್ರಮ್ ನೋಡಿ ಅವನ ಸೋದರಮಾವ ಮುಖ ಸಣ್ಣದು ಮಾಡಿದರು.

"ದೊಡ್ಡದು ಎಲ್ಲೈತ್ರಿ?"

"ಜಾಜಿಗೆ ಇದ ಛಲೋ ರೀ. ಮೆತ್ತಗ, ಸ್ವಚ್ಛ ಕೇಳತೈತಿ."

"ಕೇಳೂದು ಆಮ್ಯಾಲಿನ ಮಾತ್ರಿ. ಬೀಗರು ನೋಡತಾರ."

ಅರ್ಧ ತಾಸಿನಲ್ಲಿ ಅವರು ಬ್ಯಾಂಡಿನವರಿಂದ ಒಂದು ಭಾರೀ ಡ್ರಮ್ ತರಿಸಿ ನನ್ನ ಪಕ್ಕದಲ್ಲಿ ನಿಲ್ಲಿಸಿದರು. ಅದನ್ನು ಯಾರೂ ಮುಟ್ಟಲಿಲ್ಲ. ಊಟ ಮುಗಿಸಿ ಬಂದ ಬೀಗರೊಬ್ಬರು ನನ್ನ ಕೈಹಿಡಿದು, "ಸಣ್ಣದು ಅಷ್ಟಕ್ಕಷ್ಟ ರೀ. ಆದ್ರ ಆ ದೊಡ್ಡದರ ಆವಾಜಿಗೆ ಎದಿ ನಡಗಿತು ನೋಡ್ರಿ," ಎಂದರು.

ಶಾಲು

ರೈಲ್ವೆಯಿಂದ ನಿವೃತ್ತರಾದ ಅಜ್ಜ ಒಬ್ಬರಿದ್ದಾರೆ. ಎಂಬತ್ತು ದಾಟಿದೆ, ಆಳು ಕುಳ್ಳ. ಅವರ ಡ್ರಮ್ಮೋ ಇಪ್ಪತ್ತಾರು ಇಂಚಿನದು. ಪ್ರಾಯದಲ್ಲಿ ರೈಲ್ವೆ ಕಾಲೊನಿಯ ಡಾನ್ಸುಗಳಿಗೆ ಅದನ್ನೇ ಬಾರಿಸಿದವರು. ಓಣಿಯವರು ಅವರಿಗೊಂದು ಸನ್ಮಾನ ಇಟ್ಟುಕೊಂಡರು. ಸನ್ಮಾನವಾದ ಮೇಲೆ ಅಜ್ಜ ಬಾರಿಸಬೇಕು.

ನಾನು ಡ್ರಮ್ ಸಜ್ಜು ಮಾಡಿಕೊಟ್ಟೆ. ಆದರೆ ಒಮ್ಮೆ ಹೊಡೆದರೆ ಅದರ ಗುಂಯ್ ನಿಲ್ಲುತ್ತಲೇ ಇರಲಿಲ್ಲ. ಒಳಗೆ ದಿಂಬು ಇಟ್ಟೆ, ಕಂಬಳಿ ತುರುಕಿದೆ. ಒಮ್ಮೆ ಸತ್ತ ದನಿ, ಒಮ್ಮೆ ಗುಡುಗು. ಅಜ್ಜನ ಕಣ್ಣಲ್ಲಿ ನೀರು ಬಂತು. "ಇನ್ನೊಮ್ಮೆ ಬಾರಸ್ತೇನೋ ಇಲ್ಲೋ ಗೊತ್ತಿಲ್ಲ. ಮಂದಿ ಮುಂದ ಹಿಂಗಾದ್ರ ಹೆಂಗೋ ತಮ್ಮಾ," ಎಂದರು.

ಮುಖ್ಯ ಅತಿಥಿ ಒಬ್ಬ ನಿವೃತ್ತ ಪ್ರಾಂಶುಪಾಲರು, ದೃಷ್ಟಿ ಮಂದ. "ಈಗ ಸನ್ಮಾನ" ಎಂದು ಮೈಕಿನಲ್ಲಿ ಹೇಳಿದಾಗ ಅಜ್ಜ ಡ್ರಮ್ಮಿನ ಹಿಂದೆ ಬಗ್ಗಿ ಪೆಡಲ್ ಬಿಗಿಯುತ್ತಿದ್ದರು. ಮುಂದಿನಿಂದ ಕೂದಲೂ ಕಾಣುತ್ತಿರಲಿಲ್ಲ. ಪ್ರಾಂಶುಪಾಲರು ಗಂಭೀರವಾಗಿ ಬಂದು ಡ್ರಮ್ಮಿಗೆ ಶಾಲು ಹೊದಿಸಿದರು, ಮುಂದೆ ಹಣ್ಣಿನ ಬುಟ್ಟಿ ಇಟ್ಟರು, ಕೈಮುಗಿದರು. ತಡೆಯಬೇಕೆಂದು ನಾನು ಏಳುವಷ್ಟರಲ್ಲಿ ಜನ ಚಪ್ಪಾಳೆ ತಟ್ಟಿಬಿಟ್ಟರು.

ಚಪ್ಪಾಳೆ ಕೇಳಿ, ಇನ್ನು ಶುರು ಮಾಡಬೇಕೆಂದುಕೊಂಡು ಅಜ್ಜ ಎದ್ದು ಕೂತು ಪೆಡಲ್ ಒತ್ತಿದರು. ಢಪ್. ಗುಂಯ್ ಇಲ್ಲ, ಗುಡುಗಿಲ್ಲ, ದುಂಡಗಿನ ದನಿ. ಅವರು ನನ್ನತ್ತ ತಿರುಗಿ ನೋಡಿದರು. ಆಮೇಲೆ ಅರ್ಧ ತಾಸು ಕಣ್ಣುಮುಚ್ಚಿ ಬಾರಿಸಿದರು. ಯಾರೂ ಅಲುಗಾಡಲಿಲ್ಲ.

ಮುಗಿದ ಮೇಲೆ ಯಾರೋ ಪ್ರಾಂಶುಪಾಲರ ಕಿವಿಯಲ್ಲಿ ಸಂಗತಿ ಹೇಳಿದರು. ಅವರು ನಾಚಿ ಓಡಿಬಂದು ಶಾಲು ತೆಗೆದು ಅಜ್ಜನಿಗೆ ಹೊದಿಸಲು ಹೋದರು. ಅಜ್ಜ ಅವರ ಕೈ ಹಿಡಿದುಕೊಂಡರು.

"ಇರ್ಲಿ ಬಿಡ್ರಿ ಸಾಹೇಬ್ರ. ನನಗ ಹೊಚ್ಚಿದ್ರ ಇಷ್ಟ ಛಲೋ ಆವಾಜ್ ಬರ್ತಿದ್ದಿಲ್ಲ."