ಅಜ್ಜ ಮಾಡಿದ ಬಾಣಂತನ

ಹೆಂಗಸಿಲ್ಲದ ಮನಿಯೊಳಗ ಬಾಣಂತನ ಅಂದ್ರ ದಿನಕ್ಕೊಂದು ಫಜೀತಿ ನಡದ ನಡೀತೈತಿ. ನನ್ನಾಕಿ ತೀರಿಹೋಗಿ ಏಳು ತಿಂಗಳಾಗಿತ್ತು. ಮಗಳು ಚೊಚ್ಚಲ ಹೆರಿಗಿಗೆ ನಮ್ಮೂರು ಅಗರಖೇಡಕ್ಕ ಬಂದ್ಳು. ಮುದ್ದೇಬಿಹಾಳದ ಬೀಗತಿ ಮೊದಲ ಹೇಳಿಬಿಟ್ಟಿದ್ಳು: ಕೂಸಿಗೆ ಏನರೆ ಆದ್ರ ಇಬ್ಬರನ್ನೂ ಕರ್ಕೊಂಡು ಹೋಗ್ತೇನಿ ಅಂತ. ಹೋದ್ರ ಮತ್ತ ನಾನೂ ಗ್ವಾಡಿನೂ ಅಷ್ಟ.

೧. ಬದನಿಕಾಯಿ

ಹುಟ್ಟಿದ ಮೂರು ವಾರಕ್ಕ ಕೂಸಿನ ನೆತ್ತಿ ಮ್ಯಾಲೆ ಹಳದಿ ಹಕ್ಕಳಿ ಎದ್ವು. ಮುಟ್ಟಿದ್ರ ಜಿಡ್ಡು. ಓಣಿ ಹೆಣ್ಣುಮಕ್ಕಳು ಬಂದು ನೋಡಿದ್ರು. ಒಬ್ಬಾಕಿ ಉಷ್ಣ ಅಂದ್ಳು. ಒಬ್ಬಾಕಿ ದೃಷ್ಟಿ ಅಂದ್ಳು. ಮೂರನೇದಾಕಿ, ಬಾಣಂತಿ ಬದನಿಕಾಯಿ ತಿಂದಾಳ ಅಂದ್ಳು. ತಿಂದಾಂವ ನಾನು ಅಂದೆ. ರುಮಾಲ ತಗಸಿ ನನ್ನ ತಲಿ ನೋಡಿದ್ಳು. "ಇಲ್ಲಿ ಕೂದಲಾ ನಿಂತಿಲ್ಲ, ಹಕ್ಕಳಿ ಎಲ್ಲಿ ನಿಲ್ತೈತಿ" ಅಂದ್ಳು.

೨. ಗೊತ್ತಿದ್ದ ಡಾಕ್ಟರು

ನನಗ ಗೊತ್ತಿದ್ದ ಡಾಕ್ಟರು ಒಬ್ಬರ, ಇಂಡಿ ಊರಿನ ದನದ ಡಾಕ್ಟರು. ಹೋಗಿ, ತಲಿ ಮ್ಯಾಲೆ ಹಕ್ಕಳಿ ಎದ್ದಾವ್ರಿ, ಮೂರು ವಾರದ್ದು ಅಂದೆ. ಹಾಲು ಕುಡೀತೈತೇನು ಅಂದ್ರು. ಕುಡೀತೈತಿ ಅಂದೆ. ತಲಿ ಗ್ವಾಡಿಗೆ ತಿಕ್ತೈತೇನು ಅಂದ್ರು. ಇನ್ನೂ ಕುತ್ತಿಗಿ ನಿಂತಿಲ್ರಿ ಅಂದೆ. ಚೀಟಿ ಬರಿಯೂದು ನಿಲ್ಲಿಸಿದ್ರು.

"ಎಮ್ಮಿ ಕರಾನೋ, ಆಕಳ ಕರಾನೋ?"

"ಮಗಳ ಮಗಳ್ರಿ."

ಚೀಟಿ ತಿರುವಿ, ಹಿಂದ ಮಕ್ಕಳ ದವಾಖಾನಿ ದಾರಿ ಬರದುಕೊಟ್ರು.

೩. ಬಾಯಿಪಾಠ

ಮರುದಿನ ತಾಯಿ-ಕೂಸನ್ನ ಕರ್ಕೊಂಡು ಅಲ್ಲಿಗೆ ಹೋದೆ. ಡಾಕ್ಟರಮ್ಮ ನೋಡಿ ನಕ್ಕರು. ಬಾಳ ಕೂಸುಗಳಿಗೆ ಬರ್ತೈತಿ, ನೋವಿಲ್ಲ, ಅಂಟೂದಿಲ್ಲ, ಕೆಲವು ತಿಂಗಳಿನ್ಯಾಗ ತಾನ ಹೋಗ್ತೈತಿ ಅಂದ್ರು. ಎಣ್ಣಿ ಹಚ್ಚಿ ಸ್ವಲ್ಪ ಹೊತ್ತು ನೆನಸಿ, ಮೆತ್ತನ ಬ್ರಷ್ಶಿಲೆ ತಿಕ್ಕಿ, ಕೂಸಿನ ಶಾಂಪೂ ಹಾಕಿ ಎಣ್ಣಿ ಉಳೀದಂಗ ತೊಳೀರಿ. ಉಗುರಿಲೆ ಕೀಳಬ್ಯಾಡ್ರಿ. ಕೆಂಪಾಗಿ ಬಾತ್ರ, ಕೀವು ರಕ್ತ ಬಂದ್ರ, ಮೈಗೆ ಹಬ್ಬಿದ್ರ, ಜ್ವರ ಬಂದ್ರ, ಹಾಲು ಬಿಟ್ರ ತಡಾ ಮಾಡದ ಬರ್ರಿ.

ನನಗ ಓದು-ಬರಹ ಕಮ್ಮಿ. ಮೂರು ಸಲ ಹೇಳಿಸಿಕೊಂಡೆ. ಹೊರಗ ಬಂದು ಗಟ್ಟಿಯಾಗಿ ಬಾಯಿಪಾಠ ಮಾಡ್ಕೋತ ಕುಂತೆ. ಸಾಲಿನ್ಯಾಗಿದ್ದ ಇಬ್ಬರು ತಾಯಂದಿರು ತಮ್ಮ ಕೂಸಿನ ಕುಂಚಗಿ ತಗದು ನೆತ್ತಿ ನನಗ ತೋರಿಸಿದ್ರು.

೪. ಬೀಗತಿ

ದಿನಾ ಬಚ್ಚಲದಾಗ ಕಾಲು ಚಾಚಿ, ಕೂಸನ್ನ ಕಾಲ ಮ್ಯಾಲೆ ಹಾಕ್ಕೊಂಡು ತೊಳದೆ. ನನ್ನಾಕಿ ಕುಂದರ್ತಿದ್ದ ಕಲ್ಲಿನ ಮ್ಯಾಲ.

ಹದಿನೈದು ದಿನಕ್ಕ ಬೀಗತಿ ಹೇಳದ ಕೇಳದ ಬಂದ್ಳು. ಸೀದಾ ತೊಟ್ಟಿಲಕ್ಕ ಹೋದ್ಳು. ಚಸ್ಮಾ ಹಾಕ್ಕೊಂಡು, ಹೇನು ನೋಡಿದಂಗ ನೆತ್ತಿ ನೋಡಿದ್ಳು. ಕಿವಿ ಹಿಂದ ನೋಡಿದ್ಳು. ಏನೂ ಸಿಗಲಿಲ್ಲ. ಕೂಸಿಗೆ ನೀರು ಎರಿಯಾಕ ಯಾರು ಬರ್ತಾರ ಅಂತ ಕೇಳಿದ್ಳು. ಅಪ್ಪನ ಎರೀತಾನ ಅಂದ್ಳು ಮಗಳು.

ಬೀಗತಿ ಖುರ್ಚಿ ಎಳಕೊಂಡು ಕುಂತ್ಳು. ಚಾ ಕುಡದ್ಳು. ಮಗಳು ನನ್ನ ಮಾರಿ ನೋಡಿದ್ಳು, ನಾನು ಬಾಗಲಾ ನೋಡಿದೆ. ಬೀಗತಿ ಕಪ್ಪು ಕೆಳಗ ಇಟ್ಟು ಅಂದ್ಳು:

"ಬೀಗರ, ನಮ್ಮ ಸಣ್ಣ ಮಗಳೂ ಈಗ ಆರು ತಿಂಗಳ ಬಸುರಿ. ನನಗ ಮಣಕಾಲು ಬ್ಯಾನಿ, ಕೆಳಗ ಕುಂದ್ರಾಕಾಗೂದಿಲ್ಲ. ಇಲ್ಲೀದು ಐದು ತಿಂಗಳು ಮುಗಿಸಿ, ನಮ್ಮ ಮನಿಗೆ ಬಾಣಂತನಕ್ಕ ಬಂದುಬಿಡ್ರಿ."